ಐದೇ ನಿಮಿಷ

ಚುಕ್ಕಿಗಳು ಐದು. ಒಂದರ ಹಿಂದೊಂದು ಓಡಿ ಬಂದು, ದುಂಡಗೆ ಸುತ್ತು ಹಾಕಿ, ನೆತ್ತಿಗೆ ಬಂದಾಗ ಕ್ಷಣ ಮರೆಯಾಗಿ, ಮತ್ತೆ ಕೆಳಗಿನಿಂದ ಹೊರಡುತ್ತಿದ್ದವು. ಏಳನೆಯ ಸುತ್ತಿನಲ್ಲಿ ನಾಲ್ಕನೆಯ ಚುಕ್ಕಿ ಮೂರನೆಯದಕ್ಕೆ ಇನ್ನೇನು ತಾಗಬೇಕು ಎನ್ನುವಷ್ಟರಲ್ಲಿ ಎಲ್ಲವೂ ಇದ್ದಲ್ಲೇ ನಿಂತುಬಿಡುತ್ತಿದ್ದವು. ಪ್ರತಿ ಸಲವೂ ಏಳನೆಯ ಸುತ್ತಿಗೇ. ಬೆಳಗಿನ ಏಳೂವರೆಯಿಂದ ಅವನು ಇದನ್ನೇ ನೋಡುತ್ತ ಕೂತಿದ್ದ. ಗೋಡೆಯ ಸ್ವಿಚ್ಚು ಆರಿಸುವುದು, ಮೂವತ್ತರವರೆಗೆ ಎಣಿಸುವುದು, ಮತ್ತೆ ಹಾಕುವುದು. ಮೂವತ್ತೊಂದು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿ ಅವನು ನೆಚ್ಚಿಕೊಂಡು ಬಂದ ವಿದ್ಯೆ ಇಷ್ಟೇ ಎಂದರೆ ಯಾರೂ ನಂಬಲಿಕ್ಕಿಲ್ಲ. ಕೆಟ್ಟು ನಿಂತ ಲಿಫ್ಟುಗಳಲ್ಲಿ ಅರ್ಧಕ್ಕರ್ಧ ಹೀಗೇ ಸರಿಹೋಗುತ್ತಿದ್ದವು. ಉಳಿದವಕ್ಕೆ ಮಾತ್ರ ಚೀಲದಿಂದ ಸ್ಪ್ಯಾನರ್ ಹೊರಗೆ ಬರುತ್ತಿತ್ತು. ಬರೀ ಆರಿಸಿ ಹಾಕಿದ್ದಕ್ಕೇ ಜನ ಬಾಯಿತುಂಬ ಹೊಗಳುತ್ತಿದ್ದರು, ಅವನೂ ಏನೋ ಘನಕಾರ್ಯ ಮಾಡಿದವನಂತೆ ಹಣೆ ಒರೆಸಿಕೊಳ್ಳುತ್ತಿದ್ದ. ಹೆಂಡತಿಯ ಕಂಪ್ಯೂಟರು, ಈ ಸುಡುಗಾಡು ಪೆಟ್ಟಿಗೆಯನ್ನು ಹನ್ನೊಂದು ಸಲ ಆರಿಸಿ ಹಾಕಿದ್ದಾಯಿತು. ಹನ್ನೆರಡನೆಯ ಸಲಕ್ಕೆ ಎದ್ದಾಗ ಮಂಡಿ ಕಟಕ್ಕೆಂದಿತು.

ತಪ್ಪು ತನ್ನದೇ ಎಂದು ಅವನಿಗೆ ಗೊತ್ತಿತ್ತು. ನಿನ್ನೆ ಸಂಜೆ ಇಬ್ಬರೂ ಹೆಂಡತಿಯ ಅಣ್ಣನ ಮನೆಗೆ ಹೊರಟು ನಿಂತಾಗ, ಅದರಷ್ಟಕ್ಕೆ ಅದು ಏನೋ ಅಪ್‌ಡೇಟ್ ಮಾಡಿಕೊಳ್ಳುತ್ತಿದೆ, ಹಾಗೇ ಬಿಟ್ಟಿರಿ ಎಂದು ಅವಳು ಚಪ್ಪಲಿ ಮೆಟ್ಟುತ್ತ ಹೇಳಿದ್ದಳು. ಕೇಳಿಸಿತ್ತು. ಪರದೆಯ ಮೇಲೆ ದೊಡ್ಡ ಅಕ್ಷರದಲ್ಲಿ ಏನೋ ಬರೆದಿದ್ದೂ ಕಂಡಿತ್ತು. ಆದರೂ ಬಾಗಿಲಿಗೆ ಬೀಗ ಹಾಕುವ ಮುಂಚೆ ಅವನ ಕೈ ತಾನೇ ತಾನಾಗಿ ಮೇಲೆ ಹೋಗಿ ಮೇನ್ ಸ್ವಿಚ್ಚು ಕೆಳಗೆ ಎಳೆದಿತ್ತು. ಏನನ್ನೇ ಮುಟ್ಟುವ ಮೊದಲು ಮೇನ್ ತೆಗಿ, ಎಲ್ಲಿಗೇ ಹೊರಡುವ ಮೊದಲು ಮೇನ್ ತೆಗಿ. ಕೈಕೆಳಗಿನವರಿಗೆಲ್ಲ ಅವನು ಹೇಳಿಕೊಟ್ಟ ಮೊದಲ ಪಾಠ ಅದು. ಕೈ ಮಾಡಿದ ಕೆಲಸಕ್ಕೆ ನಾನೇನು ಮಾಡಲಿ ಎಂದು ಅಂದುಕೊಂಡ. ಅಂದುಕೊಂಡದ್ದು ಪೂರ್ತಿ ನಿಜವಲ್ಲ ಎಂದೂ ಅನ್ನಿಸಿತು. ದಿನಾ ಸಂಜೆ ಶಾಲೆಯಿಂದ ಬಂದವಳೇ ಈ ಪೆಟ್ಟಿಗೆಯ ಮುಂದೆ ಕೂತರೆ ಊಟದವರೆಗೂ ಏಳುವವಳಲ್ಲ. ಆ ಹೊತ್ತಿನಲ್ಲಿ ಅವನು ರೇಡಿಯೋ ಹಾಕುವಂತಿಲ್ಲ, ಕೆಮ್ಮಿದರೂ ಅಡುಗೆಮನೆಗೆ ಹೋಗಿ ಕೆಮ್ಮಬೇಕು. ಸ್ವಿಚ್ಚು ಎಳೆದಾಗ ಒಳಕೋಣೆಯ ಆ ನೀಲಿ ಬೆಳಕು ಪಕ್ಕನೆ ಆರಿದ್ದನ್ನು ಕಂಡು ಎಲ್ಲೋ ಒಂದು ಎಳ್ಳಿನಷ್ಟು ಖುಷಿಯಾಗಿತ್ತೇ? ಆಗಿತ್ತು. ಹಾಳಾಗಿ ಹೋಗಲಿ, ಆಗಿತ್ತು.

ಅವಳು ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಟೀಚರ್. ಮಕ್ಕಳಿಗೆ ಕಲಿಸುವ ಕೈಭಾಷೆಯ ಪುಸ್ತಕಗಳು ಬೇಕಾದಷ್ಟಿವೆ. ಅವಳು ಬರೆಯುತ್ತಿದ್ದದ್ದು ಅದಲ್ಲ. ಆ ಶಾಲೆಯ ಹಾಸ್ಟೆಲಿನ ಮಕ್ಕಳು ಯಾರ ಹಂಗೂ ಇಲ್ಲದೆ ತಾವೇ ಕಟ್ಟಿಕೊಂಡ ಮಾತುಗಳು, ಯಾವ ಪುಸ್ತಕದಲ್ಲೂ ಸಿಗದವು. ಪ್ಯಾಂಟನ್ನು ಹೊಕ್ಕುಳ ಮೇಲಕ್ಕೆ ಎಳೆದುಕೊಂಡ ಹಾಗೆ ಮಾಡಿದರೆ ಹೆಡ್‌ಮಾಸ್ತರರು. ಮೂಗಿನ ತುದಿಗೆ ಕಿರುಬೆರಳು ತಾಗಿಸಿ ಗಾಳಿಗೆ ಬಿಟ್ಟರೆ ಇವತ್ತಿನ ಸಾರಿನಲ್ಲಿ ಉಪ್ಪಿಲ್ಲ. ಎರಡು ಬೆರಳಿನಿಂದ ಅಂಗಿಯ ಕಾಲರ್ ಹಿಡಿದು ಮೆಲ್ಲಗೆ ಕೈಬಿಟ್ಟರೆ, ಈ ವಾರ ಅಮ್ಮ ಬರುವುದಿಲ್ಲ. ಹೀಗೆ ಹದಿನಾಲ್ಕು ವರ್ಷಗಳಲ್ಲಿ ಸಾವಿರದ ನೂರು ಮಾತು. ಕಟ್ಟಿದ ಮಕ್ಕಳು ದೊಡ್ಡವರಾಗಿ ದಿಕ್ಕಿಗೊಬ್ಬರಾಗಿ ಹೋದರು, ಹೊಸ ಮಕ್ಕಳು ಹೊಸದು ಕಟ್ಟಿದರು, ಹಳೆಯದು ಈ ಪೆಟ್ಟಿಗೆಯೊಳಗೆ ಮಾತ್ರ ಉಳಿಯಿತು. ತಿಂಗಳ ಕೊನೆಗೆ ಅವಳಿಗೆ ನಿವೃತ್ತಿ. ನಾಳೆ ಬೆಳಿಗ್ಗೆ ಹತ್ತಕ್ಕೆ ಪುಸ್ತಕ ಪ್ರೆಸ್ಸಿಗೆ ಹೋಗಬೇಕು. ಬೆಳಿಗ್ಗೆ ಚುಕ್ಕಿಗಳು ನಿಂತದ್ದು ನೋಡಿ ಅವಳ ಮುಖ ಒಂದು ಸಲ ಬಿಳಿಚಿಕೊಂಡಿತು. ಅವನು ಸ್ವಿಚ್ಚಿನ ಮಾತು ಎತ್ತಲಿಲ್ಲ, ಹಳೇ ಮೆಷಿನು ಎಂದ. ಅವಳು ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದವಳು ತಿರುಗಿ ನಿಂತು, ಅವನನ್ನೇ ಸಮಾಧಾನ ಮಾಡುವ ಹಾಗೆ ನಕ್ಕಳು.

"ಹೋಗ್ಲಿ ಬಿಡಿ, ತಲೆ ಕೆಡಿಸ್ಕೋಬೇಡಿ. ಹೇಗೂ ನಿಮ್ಮ ಕಾಪಿ ಇದೆಯಲ್ಲ."

ಇತ್ತು. ಭಾನುವಾರ ಅವರಿಬ್ಬರ ಕೆಲಸಕ್ಕೆ ಒಂದು ಕ್ರಮವಿತ್ತು. ಮಧ್ಯಾಹ್ನ ಊಟವಾದ ಮೇಲೆ ಅವನು ಕಿಟಕಿಯ ಬೆಳಕಿಗೆ ಮೇಜಿನ ಮೇಲೆ ಕೈ ಚಾಚಿ ಕೂರಬೇಕು. ಅವಳು ಒಂದೊಂದೇ ಬೆರಳು ಮಡಿಸಿ, ಬಿಡಿಸಿ, ಮಣಿಕಟ್ಟು ತಿರುಗಿಸಿ, ಮಕ್ಕಳ ಮಾತನ್ನು ಅವನ ಕೈಯಲ್ಲಿ ಕೂರಿಸಿ ಫೋಟೋ ತೆಗೆಯುವಳು. ಐದೇ ನಿಮಿಷ, ಅಲ್ಲಾಡಿಸಬೇಡಿ ಎನ್ನುವಳು. ಇನ್ನೊಂದು ಕೈಯಲ್ಲಿ ಅವನು ಪೇಪರು ಓದುವನು. ಫೋಟೋ ಕಂಪ್ಯೂಟರಿಗೆ ಇಳಿಸಿದ ಮೇಲೆ ಕ್ಯಾಮೆರಾ ಖಾಲಿ ಮಾಡುವುದು, ಪುಸ್ತಕವನ್ನು ಪೆನ್‌ಡ್ರೈವಿಗೆ ಕಾಪಿ ಮಾಡಿ ಗಾದ್ರೇಜ್ ಬೀರುವಿನಲ್ಲಿ ಇಡುವುದು ಇವೆರಡೂ ಅವನ ಪಾಲಿಗೆ. ಕಾಪಿ ಆಯ್ತಾ ಎಂದು ಅಡುಗೆಮನೆಯಿಂದ ಅವಳು ಕೇಳುವಳು, ಆಯ್ತು ಎಂದು ಅವನು ಹೇಳುವನು. ಒಂದು ಭಾನುವಾರವೂ ತಪ್ಪಿಸಿದವನಲ್ಲ. ಜ್ವರದಲ್ಲೂ ಎದ್ದು ಮಾಡಿದ್ದ. ಆ ಭರವಸೆಯ ಮೇಲೆಯೇ ಅವಳು ಹೋದ ವರ್ಷ ಮನೆ ಬದಲಾಯಿಸುವಾಗ ಮೊದಲು ಕೈಯಲ್ಲಿ ಬರೆದಿಟ್ಟಿದ್ದ ಹನ್ನೆರಡೂ ನೋಟ್‌ಬುಕ್ಕುಗಳನ್ನು ರದ್ದಿಯವನಿಗೆ ಎತ್ತಿ ಕೊಟ್ಟದ್ದು.

ಹನ್ನೊಂದಕ್ಕೆ ಅವನು ಮಾನ ಬಿಟ್ಟು ರಿಪೇರಿ ಅಂಗಡಿಯವನಿಗೆ ಫೋನು ಮಾಡಿದ. ಮುಖ್ಯರಸ್ತೆಯ ಮೂಲೆಯಲ್ಲಿ, ಜೆರಾಕ್ಸ್ ಮೆಷಿನ್ನಿನ ಹಿಂದೆ ಕೂರುವ ಆ ಮನುಷ್ಯ ಬೇರೆ ಯಾರದೋ ಕೆಲಸ ಮಾಡುತ್ತಲೇ ಮಾತಾಡುತ್ತಿದ್ದ. ಪ್ರಿಂಟರು, ಮೌಸು, ಕಂಡಕಂಡದ್ದೆಲ್ಲ ಕಿತ್ತು ನೋಡಿ ಎಂದ. ಕಿತ್ತು ನೋಡಿದ್ದಾಯಿತು. ಹಿಂದಿನ ಮುಚ್ಚಳ ಬಿಚ್ಚಿ, ಒಳಗೆ ಉದ್ದಕ್ಕೆ ಹಸಿರು ಪಟ್ಟಿ ಥರ ಎರಡು ಕೂತಿರುತ್ತೆ, ಅದನ್ನು ಎಬ್ಬಿಸಿ, ಅದರ ಹಳದಿ ಅಂಚನ್ನು ಪೆನ್ಸಿಲ್ ಅಳಿಸೋ ರಬ್ಬರಿನಲ್ಲಿ ಉಜ್ಜಿ, ಮತ್ತೆ ಅದೇ ಜಾಗದಲ್ಲಿ ಒತ್ತಿ ಎಂದ. ಬಿಚ್ಚುವ ಕೆಲಸ ಎಂದಕೂಡಲೇ ಅವನಿಗೆ ಜೀವ ಬಂದ ಹಾಗಾಯಿತು. ತನ್ನ ಹಳೆಯ ಚೀಲವನ್ನೇ ತಂದ. ಒಳಗೆ ಬೂದುಬಣ್ಣದ ಧೂಳು ಹತ್ತಿಯ ಹಾಗೆ ಕೂತಿತ್ತು; ಬಾಯಿಂದ ಊದಿ ಕಣ್ಣಿಗೆ ತುಂಬಿಕೊಂಡ. ರಬ್ಬರಿನಲ್ಲಿ ಉಜ್ಜುವಾಗ ಇಷ್ಟು ದೊಡ್ಡ ಸಂಕಟಕ್ಕೆ ಇಂಥ ಮಕ್ಕಳಾಟಿಕೆಯ ಮದ್ದೇ ಎಂದು ನಗು ಬಂತು. ಸ್ಕ್ರೂ ಬಿಗಿಮಾಡಿ, ಸ್ವಿಚ್ಚು ಹಾಕಿ, ಉಸಿರು ಬಿಗಿಹಿಡಿದು ನಿಂತ. ಐದು, ಆರು, ಏಳನೆಯ ಸುತ್ತು. ನಾಲ್ಕನೆಯ ಚುಕ್ಕಿ ಮೂರನೆಯದರ ಹತ್ತಿರ ಬಂದು ನಿಂತಿತು. ಅಷ್ಟರಲ್ಲಿ ಅವಳ ಫೋನು, ಶಾಲೆಯ ಬಿಡುವಿನ ಹೊತ್ತು. ಏನಾಯ್ತು ಎಂದಳು. ಆಗ್ತಾ ಇದೆ, ಐದೇ ನಿಮಿಷ ಎಂದ. ಹಾಗೆ ಹೇಳುವಾಗ ಅವನ ದನಿ ಎಷ್ಟು ನಿರಾಳವಾಗಿತ್ತೆಂದರೆ ಅವನಿಗೇ ಹೆದರಿಕೆಯಾಯಿತು, ಏಕೆಂದರೆ ಆ ದನಿ ಅವನಿಗೆ ಗೊತ್ತಿತ್ತು.

ಅವನು ಕೆಲಸದಲ್ಲಿದ್ದಾಗಿನ ಮಾತು. ಒಂಬತ್ತು ಮಹಡಿಯ ಆಫೀಸು ಕಟ್ಟಡ. ಮೂರು ಮತ್ತು ನಾಲ್ಕನೆಯ ಮಹಡಿಯ ನಡುವೆ ಲಿಫ್ಟು ನಿಂತು, ಒಳಗೆ ಒಬ್ಬಳೇ ಹೆಂಗಸು. ಟೈಪಿಸ್ಟ್ ಅಂತೆ, ವಯಸ್ಸಾದವರು, ಕೈಯಲ್ಲಿ ಲಾಂಡ್ರಿಯಿಂದ ತಂದ ಕಿಟಕಿ ಪರದೆಗಳ ಕಟ್ಟು. ಬ್ರೇಕಿನ ಕಾಯಿಲ್ ಸುಟ್ಟುಹೋಗಿತ್ತು, ಆ ಕಾಲದ ಲಿಫ್ಟಿನಲ್ಲಿ ಕೈಯಿಂದ ಇಳಿಸುವ ಚಕ್ರವೂ ಬಿಗಿದುಕೊಂಡಿತ್ತು, ಬಿಡಿಭಾಗ ಊರಿನ ಇನ್ನೊಂದು ತುದಿಯಿಂದ ಬರಬೇಕು. ಬಾಗಿಲ ಸಂದಿಗೆ ಬಾಯಿಟ್ಟು ಅವನು ಹೇಳಿದ, ಐದೇ ನಿಮಿಷ ಅಮ್ಮ. ಐದು ನಿಮಿಷವಾದ ಮೇಲೆ ಮತ್ತೆ ಹೇಳಿದ. ಎರಡೂವರೆ ಗಂಟೆಯಲ್ಲಿ ಎಷ್ಟು ಸಲ ಹೇಳಿದನೋ ಲೆಕ್ಕವಿಲ್ಲ. ಒಳಗಿನಿಂದ ಮೊದಮೊದಲು ಸರಿಯಪ್ಪ ಎನ್ನುತ್ತಿದ್ದರು, ಆಮೇಲೆ ಹ್ಞೂಂ ಎನ್ನುತ್ತಿದ್ದರು, ಕೊನೆಗೆ ಏನೂ ಇಲ್ಲ. ಧೈರ್ಯ ಹೇಳುತ್ತಿದ್ದೇನೆ ಎಂದುಕೊಂಡಿದ್ದ. ಬಾಗಿಲು ತೆರೆದಾಗ ಆಕೆ ಬೈಯಲಿಲ್ಲ, ಅಳಲೂ ಇಲ್ಲ. ಬಾತುಕೊಂಡ ಪಾದಗಳಲ್ಲಿ ಹೊರಗೆ ಕಾಲಿಟ್ಟು, ಪರದೆಯ ಕಟ್ಟನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಅವನ ಕಡೆ ನೋಡದೆ ಹೇಳಿದರು.

"ಗೊತ್ತಿಲ್ಲ ಅಂತ ಒಂದು ಮಾತು ಹೇಳಿದ್ರೆ ನೆಲದ ಮೇಲೆ ಕೂತ್ಕೊಂಡಾದ್ರೂ ಇರ್ತಿದ್ನಲ್ಲಪ್ಪ. ನೀನು ಐದೇ ನಿಮಿಷ ಅಂತಿದ್ದೆ, ನಾನು ನಿಂತೇ ಇದ್ದೆ."

ಅಂಗಡಿಯವನು ಎರಡನೆಯ ಸಲ ಫೋನೆತ್ತಿದಾಗ ಕೇಳಿದ, ಒಳಗೆ ಮುಖ್ಯವಾದದ್ದು ಏನಾದರೂ ಇದೆಯೇ, ಇದ್ದರೆ ಕಾಪಿ ಇದೆಯೇ. ಈ ಪ್ರಶ್ನೆಗೆ ಅವನು ಬೆಳಗಿನಿಂದ ಕಾಯುತ್ತಿದ್ದನೋ ಏನೋ. ಪ್ರತಿ ಭಾನುವಾರ ತಪ್ಪದೆ ಮಾಡಿದ್ದೇನೆ ಎಂದು ಎದೆ ಸೆಟೆಸಿ ಹೇಳಿದ. ಹಾಗಾದರೆ ಇಷ್ಟು ಹೊತ್ತು ಒದ್ದಾಡಿದ್ದು ಯಾಕೆ ಯಜಮಾನ್ರೇ ಎಂದು ಆ ಮನುಷ್ಯ ನಕ್ಕ. ಮೂರು ಸಲ ಚುಕ್ಕಿ ಓಡುವಾಗಲೇ ಗುಂಡಿ ಒತ್ತಿ ಆರಿಸಿದರೆ ನಾಲ್ಕನೆಯ ಸಲಕ್ಕೆ ಬೇರೆ ಪರದೆ ಬರುತ್ತದೆ, ಅದರಲ್ಲಿ ಎಲ್ಲ ಅಳಿಸಿ ಹೊಸದಾಗಿ ಹಾಕಿಕೊಳ್ಳುವ ದಾರಿ ಇದೆ, ಆಮೇಲೆ ನಿಮ್ಮ ಕಾಪಿ ಒಳಗೆ ಇಳಿಸಿದರಾಯಿತು ಎಂದ. ಇಲ್ಲಿ ತಂದು ಬಿಟ್ಟರೆ ನಾಳಿದ್ದು ನಾನೇ ನೋಡುತ್ತೇನೆ ಎಂದೂ ಹೇಳಿದ. ನಾಳಿದ್ದು ಎಂದರೆ ಇವತ್ತು ರಾತ್ರಿ ಅವಳು ಕೊನೆಯ ಸಲ ನೋಡಿ ತಿದ್ದುವುದಕ್ಕಾಗದೆ ಪ್ರೆಸ್ಸು ತಪ್ಪುತ್ತದೆ. ಪ್ರೆಸ್ಸು ತಪ್ಪಿದರೆ ಯಾಕೆ ಕೆಟ್ಟಿತು ಎನ್ನುವ ಮಾತು ಬರುತ್ತದೆ, ಸ್ವಿಚ್ಚಿನ ಮಾತು ಬರುತ್ತದೆ. ಬೇಡ, ನಾನೇ ಮಾಡ್ತೀನಿ ಎಂದ. ನೀಲಿ ಪರದೆ ಬಂತು. ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಬೆರಳಿಟ್ಟು ಓದಿದ. ಕೊನೆಯಲ್ಲಿ ಅದು ಕೇಳಿತು, ಬರೀ ಕಡತಗಳನ್ನು ಅಳಿಸಲೇ, ಡಿಸ್ಕನ್ನೇ ಪೂರ್ತಿ ಶುಚಿ ಮಾಡಲೇ. ಪೂರ್ತಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ ಎಂದೂ ಬರೆದಿತ್ತು. ಅವನು ಜನ್ಮದಲ್ಲಿ ಅರೆಬರೆ ಕೆಲಸ ಮಾಡಿದವನಲ್ಲ. ಪೂರ್ತಿ ಎನ್ನುವುದನ್ನು ಒತ್ತಿದ.

ಮೂರು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಶೇಕಡಾ ಲೆಕ್ಕ ಏರುವುದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಊಟಕ್ಕೆ ಏಳಲಿಲ್ಲ, ಅವಳು ಮುಚ್ಚಿಟ್ಟು ಹೋದ ತಟ್ಟೆ ಹಾಗೇ ಇತ್ತು. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಚುಕ್ಕಿಗಳು ಮತ್ತೆ ಬಂದವು. ಏಳನೆಯ ಸುತ್ತು ದಾಟಿತು, ಎಂಟು ದಾಟಿತು, ಪರದೆ ತುಂಬ ಬೆಳಕು ಹರಡಿ ಒಂದು ಸಣ್ಣ ಸಂಗೀತ ಬಂತು. ಒಬ್ಬನೇ ಇದ್ದರೂ ಅವನು ಚಪ್ಪಾಳೆ ತಟ್ಟಿದ. ತನ್ನ ಮೇಲೆ ಇಷ್ಟು ಪ್ರೀತಿ ಬಂದು ಎಷ್ಟು ದಿನವಾಗಿತ್ತೋ. ಗಾದ್ರೇಜಿನಿಂದ ಪೆನ್‌ಡ್ರೈವ್ ತಂದು ಚುಚ್ಚಿದ. ಇತ್ತು, ಪುಸ್ತಕದ ಚಿತ್ರ, ಕೆಳಗೆ ಅವಳಿಟ್ಟ ಹೆಸರು, ಮೂಲೆಯಲ್ಲಿ ಎಂದಿನ ಹಾಗೆ ಬಾಗಿದ ಪುಟ್ಟ ಬಾಣ. ಎರಡು ಸಲ ಒತ್ತಿದ. ಇದು ತೋರಿಸುವ ಕಡತ ಈ ಕಂಪ್ಯೂಟರಿನಲ್ಲಿ ಸಿಗುತ್ತಿಲ್ಲ ಎಂದು ಬಂತು. ಮತ್ತೆ ಒತ್ತಿದ. ಮತ್ತೆ ಅದೇ. ಅಂಗಡಿಯವನಿಗೆ ಫೋನು ಮಾಡಿ ಓದಿ ಹೇಳಿದ. ಆ ಕಡೆ ಜೆರಾಕ್ಸ್ ಮೆಷಿನ್ನಿನ ಸದ್ದು ನಿಂತಿತು. ಬಾಣ ಇದೆಯಾ ಎಂದು ಆ ಮನುಷ್ಯ ಕೇಳಿದ. ಗಾತ್ರ ಎಷ್ಟು ಕೆಬಿ ಇದೆ ನೋಡಿ ಎಂದ. ಎರಡು ಎಂದ ಇವನು.

"ಯಜಮಾನ್ರೇ, ನೀವು ಇಷ್ಟು ವರ್ಷ ಕಾಪಿ ಮಾಡಿರೋದು ಬಾಗಿಲಿನ ಬೋರ್ಡು. ಮನೆ ಅಲ್ಲ."

ತೆರೆಯಲು ಅನುಕೂಲವಾಗಲಿ ಎಂದು ಅವಳು ಮುಂದಿನ ಪರದೆಯ ಮೇಲೆ ಇಟ್ಟುಕೊಂಡಿದ್ದ ಗುರುತು ಅದು. ಪುಸ್ತಕ ಒಳಗೆಲ್ಲೋ ಇತ್ತು, ಗುರುತು ಅದರ ಕಡೆ ಬೆರಳು ತೋರಿಸುತ್ತಿತ್ತು ಅಷ್ಟೆ. ಭಾನುವಾರ ಭಾನುವಾರ ಅವನು ಆ ತೋರುಬೆರಳನ್ನು ಜೋಪಾನವಾಗಿ ಗಾದ್ರೇಜಿನಲ್ಲಿ ಇಟ್ಟು ಬೀಗ ಹಾಕಿದ್ದ. ಒಂದು ದಿನವಾದರೂ ಬೇರೆ ಕಡೆ ತೆರೆದು ನೋಡಿದ್ದನೇ? ಇದೇ ಮೆಷಿನ್ನಿಗೆ ಚುಚ್ಚಿ ಒತ್ತುತ್ತಿದ್ದ, ಪುಸ್ತಕ ತೆರೆಯುತ್ತಿತ್ತು, ಸರಿ ಎಂದು ಕಿತ್ತುಕೊಳ್ಳುತ್ತಿದ್ದ. ಕ್ಷಣದಲ್ಲಿ ಕಾಪಿ ಆಗುತ್ತದಲ್ಲ, ಎಷ್ಟು ಚುರುಕಾದ ಪೆನ್‌ಡ್ರೈವ್ ಎಂದು ಅವಳ ಮುಂದೆ ಕೊಚ್ಚಿಕೊಂಡದ್ದೂ ಉಂಟು. ಅಳಿಸಿದ್ದನ್ನು ವಾಪಸು ತೆಗೆಯುವವರು ಇರುತ್ತಾರಂತಲ್ಲ ಎಂದು ತೊದಲಿದ. ಇರುತ್ತಾರೆ, ಆದರೆ ಪೂರ್ತಿ ಶುಚಿ ಯಾಕೆ ಕೊಟ್ಟಿರಿ, ಮೆಷಿನು ಮಾರುವವರು ಕೊಡುವುದು ಅದು, ಅದರಲ್ಲಿ ಏನೂ ಉಳಿಯುವುದಿಲ್ಲ ಎಂದು ಅಂಗಡಿಯವನು ಮೆಲ್ಲಗೆ ಹೇಳಿದ. ಈಗ ನಗುತ್ತಿರಲಿಲ್ಲ. ಆ ಮನುಷ್ಯ ನಕ್ಕಿದ್ದರೆ ತಡೆದುಕೊಳ್ಳಬಹುದಿತ್ತು. ಫೋನಿಟ್ಟ ಮೇಲೆ ಮೇಜಿನ ಮೇಲಿನ ತನ್ನ ಎರಡು ಕೈ ನೋಡಿದ. ಸಾವಿರದ ನೂರು ಫೋಟೋಗಳಲ್ಲಿದ್ದ ಕೈ. ಶಾಲೆಯ ವಾರ್ಷಿಕೋತ್ಸವಕ್ಕೆ ಒಮ್ಮೆ ಹೋದಾಗ ಒಬ್ಬ ಪುಟ್ಟ ಹುಡುಗಿ ಅವನ ಹೆಬ್ಬೆರಳ ಮೇಲಿನ ಹಳೆಯ ಗಾಯದ ಗುರುತು ಮುಟ್ಟಿ ನೋಡಿ, ಓಡಿಹೋಗಿ ಎಲ್ಲರನ್ನೂ ಕರೆತಂದಿದ್ದಳು; ಟೀಚರ್ ಒಮ್ಮೆ ತಂದು ತೋರಿಸಿದ್ದ ಒಂದೆರಡು ಹಾಳೆಯಲ್ಲಿದ್ದ ಕೈ ಇದೇ ಎಂದು. ಇಪ್ಪತ್ತು ಮಕ್ಕಳು ಸುತ್ತ ನಿಂತು ಇಪ್ಪತ್ತು ಜೊತೆ ಕೈಗಳಲ್ಲಿ ಅವನೊಡನೆ ಮಾತಿಗಿಳಿದವು. ಒಂದೂ ತಿಳಿಯದೆ ಅವನು ಬೆಪ್ಪನ ಹಾಗೆ ತಲೆಯಾಡಿಸುತ್ತ ನಿಂತ. ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡು ಅವು ನಕ್ಕವು, ಆಮೇಲೆ ನಗು ನಿಲ್ಲಿಸಿದವು. ಕೈ ನಿಮ್ದೇ ಆದ್ಮೇಲೆ ಮಾತು ಗೊತ್ತಿಲ್ಲ ಅಂದ್ರೆ ಪಾಪ ಅವಕ್ಕೆ ಹೇಗೆ ಅರ್ಥ ಆಗ್ಬೇಕು ಎಂದು ಮನೆಗೆ ಬರುವಾಗ ಬಸ್ಸಿನಲ್ಲಿ ಅವಳು ಹೇಳಿದ್ದಳು. ಕಲಿತುಕೊಳ್ಳಿ ಎಂದು ಹೇಳಿರಲಿಲ್ಲ. ಅದು ಅವನಿಗೆ ಈಗ ಹೊಳೆಯಿತು.

ಐದೂ ಕಾಲಿಗೆ ಗೇಟು ಸದ್ದಾಯಿತು. ಎದ್ದು ಪರದೆ ಆರಿಸಬೇಕೆಂದುಕೊಂಡ, ಆರಿಸಲಿಲ್ಲ. ಅವಳು ಚೀಲ ಇಳಿಸುತ್ತಲೇ ಒಳಕೋಣೆಯ ಬೆಳಕು ನೋಡಿ ಓಡಿಬಂದಳು. "ಸರಿಹೋಯ್ತಾ!" ಎಂದು ಅವನ ಹೆಗಲ ಮೇಲೆ ಕೈಯಿಟ್ಟಳು. ನನ್ನ ಗಂಡ ಎಂಥ ಮೆಷಿನನ್ನೂ ಬಿಡುವವರಲ್ಲ ಎಂದು ಸ್ಟಾಫ್‌ರೂಮಿನಲ್ಲಿ ಹೇಳಿ ಬಂದಿದ್ದೇನೆ ಎಂದಳು. ಅವಳ ಬೆರಳಿನಲ್ಲಿ ಸೀಮೆಸುಣ್ಣದ ಪುಡಿ ಇತ್ತು, ಅವನ ಅಂಗಿಗೆ ಹತ್ತಿತು. ಪುಸ್ತಕ ತೆಗೀರಿ, ಒಂದು ಸಲ ನೋಡ್ಬಿಡ್ತೀನಿ ಎಂದಳು. ಐದೇ ನಿಮಿಷ ಎನ್ನುವ ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ಎಷ್ಟು ಸಲೀಸಾದ ಮಾತು. ಹೇಳಿದರೆ ಅವಳು ಕಾಫಿ ಮಾಡಲು ಹೋಗುತ್ತಾಳೆ, ಬರುತ್ತಾಳೆ, ಮತ್ತೆ ಹೇಳಬಹುದು, ರಾತ್ರಿಯವರೆಗೂ ಹೇಳಬಹುದು, ಅವಳು ಅಷ್ಟು ಹೊತ್ತೂ ಖುಷಿಯಾಗಿ ನಿಂತಿರುತ್ತಾಳೆ. ಅವಳ ಪಾದ ನೋಡಿದ. ದಿನವಿಡೀ ನಿಂತು ಪಾಠ ಮಾಡಿ, ಚಪ್ಪಲಿಯ ಪಟ್ಟಿಯ ಗುರುತು ಕೆಂಪಗೆ ಮೂಡಿತ್ತು. ಅವನು ಎದ್ದು ತಾನು ಕೂತಿದ್ದ ಕುರ್ಚಿಯನ್ನು ಅವಳ ಕಡೆ ಎಳೆದ.

"ಮೊದ್ಲು ಕೂತ್ಕೋ," ಎಂದ. "ಇದು ಬೇಗ ಮುಗಿಯೋ ಮಾತಲ್ಲ."

ಹೇಳಿದ. ಸ್ವಿಚ್ಚಿನಿಂದ ಹಿಡಿದು ಬಾಣದವರೆಗೆ ಒಂದೂ ಬಿಡದೆ ಹೇಳಿದ. ಬೆಳಕು ಆರಿದಾಗ ಆದ ಆ ಎಳ್ಳಿನಷ್ಟು ಖುಷಿಯನ್ನೂ ಹೇಳಿದ, ಹೇಳಬೇಕಾದ ಅಗತ್ಯ ಇರಲಿಲ್ಲ, ಆದರೂ ಬಾಯಿ ನಿಲ್ಲಲಿಲ್ಲ. ಅವಳು ಅಳಲಿಲ್ಲ. ಬೈದರೆ ಸಾಕಪ್ಪ ಎಂದು ಅವನು ಕಾದ, ಬೈಯಲಿಲ್ಲ. ಖಾಲಿ ಪರದೆಯ ಮೇಲೆ ಯಾವುದೋ ಬೆಟ್ಟದ ಚಿತ್ರವಿತ್ತು, ಅದನ್ನೇ ನೋಡುತ್ತಿದ್ದಳು. ಹದಿನಾಲ್ಕು ವರ್ಷ ಎಂದು ಒಂದು ಸಲ ಹೇಳಿದಳು, ಯಾರಿಗೋ ದಾರಿ ಹೇಳುವ ಹಾಗೆ. ಹೊರಗೆ ಯಾರದೋ ಸ್ಕೂಟರು ಬಂದು ನಿಂತಿತು, ಪಕ್ಕದ ಮನೆಯಲ್ಲಿ ಕುಕ್ಕರ್ ಕೂಗಿತು. ಅವಳು ಚೀಲದಿಂದ ಒಂದು ನೋಟ್‌ಬುಕ್ಕು ತೆಗೆದಳು, ಮಕ್ಕಳ ಹಾಜರಿ ಬರೆಯುವ ಪುಸ್ತಕ, ಅದರ ಕೊನೆಯ ಖಾಲಿ ಹಾಳೆ ಬಿಡಿಸಿ ಮೇಜಿನ ಮೇಲಿಟ್ಟು, "ಕೈ ಕೊಡಿ" ಎಂದಳು.

ಅವನು ಮೇಜಿನ ಮೇಲೆ ಕೈ ಚಾಚಿದ. ಇನ್ನೊಂದು ಕೈಯಲ್ಲಿ ಈಗ ಪೇಪರಿರಲಿಲ್ಲ. ಅವಳು ನಡುವಿನ ಎರಡು ಬೆರಳು ಮಡಿಸಿ, ಹೆಬ್ಬೆರಳನ್ನು ಅವುಗಳ ಮೇಲೆ ಕೂರಿಸಿ, ಕಿರುಬೆರಳನ್ನು ಸ್ವಲ್ಪ ಹೊರಗೆ ಎಳೆದಳು. ಮಣಿಕಟ್ಟು ತಿರುಗಿಸಿದಳು, ಸಾಲದೆನಿಸಿ ಇನ್ನಷ್ಟು ತಿರುಗಿಸಿದಳು. ಅವಳ ಬೆರಳಿಗೆ ಆಕಾರ ನೆನಪಿತ್ತು, ಅವನ ಬೆರಳೂ ತನ್ನ ಹಳೆಯ ಜಾಗ ಗುರುತು ಹಿಡಿದು ತಾನಾಗಿಯೇ ಹೋಗಿ ಕೂತಿತು. ಅವಳು ದಿಟ್ಟಿಸಿ ನೋಡಿದಳು.

"ಇದು ಎರಡನೇ ವರ್ಷದ್ದು. ಆ ಸಣ್ಣ ಹುಡುಗಿದು, ಎಂಟೇ ತಿಂಗಳು ಇದ್ದು ಬಿಟ್ಟು ಹೋದ್ಲಲ್ಲ, ಅವಳದ್ದು. ಏನು ಹೇಳ್ತಿದ್ಲು ರೀ ಇದರಲ್ಲಿ?"

ಅವನು ತನ್ನ ಕೈಯನ್ನೇ ನೋಡಿದ. ಆ ಭಾನುವಾರ ಪೇಪರಿನಲ್ಲಿ ಓದಿದ್ದು ಬೇಕಾದರೆ ನೆನಪಾಗುತ್ತಿತ್ತು, ಯಾವುದೋ ಸೇತುವೆಯ ಸುದ್ದಿ.

"ಗೊತ್ತಿಲ್ಲ," ಎಂದ.

ಅವಳು ಪೆನ್ನಿನ ಕ್ಯಾಪು ತೆಗೆದು ಹಾಕಿದಳು, ತೆಗೆದು ಹಾಕಿದಳು. ಕೋಣೆಯಲ್ಲಿ ಬೆಳಕು ಇಳಿಯುತ್ತಿತ್ತು. ದೀಪ ಹಾಕಲೆಂದು ಅವನು ಏಳಹೋದ.

"ಬೇಡ, ಅಲ್ಲಾಡಿಸಬೇಡಿ," ಎಂದಳು. "ನೆನಪಾಗುತ್ತೆ. ಐದೇ ನಿಮಿಷ."

ಅವನು ಕೂತ. ಗೋಡೆಯ ಗಡಿಯಾರ ಕಣ್ಣಿಗೆ ಬೀಳದ ಹಾಗೆ ಮುಖ ಆಚೆ ಮಾಡಿಕೊಂಡು, ಕೈಯನ್ನು ಅವಳು ಇಟ್ಟ ಹಾಗೇ ಇಟ್ಟುಕೊಂಡಿದ್ದ.